ಲಂಡನ್ ಮೆರವಣಿಗೆಗೆ ಕೊಲ್ಹಾಪುರದ ಕನ್ನಡಿಗ ಚಪ್ಪಾಳೆ ಹೊಡೆಯೋದು ಯಾಕೆ?



2025ರ ಸೆಪ್ಟೆಂಬರ್ 13ರಂದು ಲಂಡನ್ನಿನಲ್ಲಿ ಟಾಮಿ ರಾಬಿನ್‌ಸನ್ ಕರೆ ಕೊಟ್ಟ ಮೆರವಣಿಗೆ ನಡೆಯಿತು. ಪೊಲೀಸರ ಲೆಕ್ಕದಲ್ಲೇ 1,10,000ಕ್ಕೂ ಹೆಚ್ಚು ಜನ. 26 ಪೊಲೀಸರಿಗೆ ಗಾಯ. ವಲಸೆ ಬಂದವರನ್ನು ವಾಪಸ್ ಕಳಿಸಿ ಅನ್ನೋದೇ ಕೂಗು. ಇಂಥ ವಿಡಿಯೊಗಳು ನಮ್ಮ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ಮೊಬೈಲುಗಳಲ್ಲೂ ಓಡಾಡುತ್ತವೆ. ನಮ್ಮ ಮಂದಿಯೇ ಕೆಳಗೆ ಬರೀತಾರೆ: "ಹಿಂಗ ಆಗಬೇಕ ನೋಡ್ರಿ. ನಮ್ಮ ಕಡೆನೂ ಹೊರಗಿನವರನ್ನ ಹಿಂಗ ಓಡಿಸಬೇಕ."

ಸ್ವಲ್ಪ ತಡೀರಿ. ಆ ಕೂಗನ್ನು ನಾಳೆ ಯಾರಾದರೂ ಮರಾಠಿಯಲ್ಲಿ ಕೂಗಿದರೆ ಹೊರಗಿನವರು ಯಾರು? ಬಿಂದು ಚೌಕದಲ್ಲಿ ನಿಂತು ಕೂಗಿದರೆ ಅದು ಯಾರ ಮನೆ ಬಾಗಿಲಿಗೆ ಬರತೈತಿ?

ಇದು ಬರೀ ಊಹೆ ಅಲ್ಲ. ಆಗಿ ಹೋದದ್ದು. 1960ರಲ್ಲಿ ಶುರುವಾದ 'ಮಾರ್ಮಿಕ್' ವಾರಪತ್ರಿಕೆ ಮುಂಬೈ ಕಚೇರಿ, ಕಂಪನಿಗಳ ಅಧಿಕಾರಿಗಳಲ್ಲಿ ದಕ್ಷಿಣದವರ ಹೆಸರು ಆರಿಸಿ ಆರಿಸಿ ಪಟ್ಟಿ ಹಾಕಿತು. 1966ರ ಜೂನ್ 19ರಂದು ಬಾಳ ಠಾಕ್ರೆ ಶಿವಸೇನೆ ಕಟ್ಟಿದರು. ಅದೇ ಅಕ್ಟೋಬರ್ 30ರಂದು ಶಿವಾಜಿ ಪಾರ್ಕಿನಲ್ಲಿ ಮೊದಲ ದೊಡ್ಡ ಸಭೆ. ಸಭೆ ಮುಗಿಸಿ ಹೊರಟ ಗುಂಪು ಉಡುಪಿ ಹೋಟೆಲುಗಳಿಗೆ ಕಲ್ಲು ತೂರಿತು. 'ಲುಂಗಿ ಹಟಾವ್' ಅನ್ನೋ ಘೋಷಣೆ ಯಾರನ್ನು ಉದ್ದೇಶಿಸಿತ್ತು ಅಂತ ಬಿಡಿಸಿ ಹೇಳಬೇಕೇ? ಇಡ್ಲಿ ಬೇಯಿಸಿ ಬದುಕುತ್ತಿದ್ದವನು, ಟೈಪ್ ಮಾಡಿ ಸಂಬಳ ಎಣಿಸುತ್ತಿದ್ದವನು ಮರಾಠಿ ಮಾಣೂಸನ ಅನ್ನ ಕಸಿದ ಕಳ್ಳ ಆಗಿಬಿಟ್ಟ. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿಯ ಹೆಸರಿನಲ್ಲಿ ಮುಂಬೈ ದಿನಗಟ್ಟಲೆ ಉರಿಯಿತು, 50ಕ್ಕೂ ಹೆಚ್ಚು ಜನ ಸತ್ತರು.

ಆಮೇಲೆ ಹೆಸರು ಬದಲಾಯಿತು, ಆಟ ಬದಲಾಗಲಿಲ್ಲ. 2008ರಲ್ಲಿ ರೈಲ್ವೆ ಪರೀಕ್ಷೆ ಬರೆಯಲು ಬಂದ ಬಿಹಾರ, ಯುಪಿ ಹುಡುಗರಿಗೆ ಏಟು. 2025ರಲ್ಲಿ ಮೀರಾ ರೋಡಿನಲ್ಲಿ ಮರಾಠಿ ಮಾತಾಡಲಿಲ್ಲ ಅಂತ ಅಂಗಡಿಯವನ ಕೆನ್ನೆಗೆ ಏಟು. ಹಿಂದಿ ಹೇರಿಕೆಯನ್ನು ವಿರೋಧಿಸೋದು ಮರಾಠಿಗರ ಹಕ್ಕು, ಅದಕ್ಕೆ ನಮ್ಮ ಬೆಂಬಲವೂ ಇದೆ. ಆದರೆ ಆದೇಶ ಹೊರಡಿಸಿದ್ದು ಸರ್ಕಾರ, ಏಟು ತಿಂದದ್ದು ಅಂಗಡಿಯವನು. ಇದ್ಯಾವ ನ್ಯಾಯ?

ಈಗ ಯುರೋಪಿಗೆ ಬನ್ನಿ. 2024ರ ಜುಲೈ 29ರಂದು ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ ಮೂರು ಎಳೆಯ ಹೆಣ್ಣುಮಕ್ಕಳನ್ನು ಒಬ್ಬ ಚಾಕುವಿನಿಂದ ಇರಿದು ಕೊಂದ. ಕರುಳು ಕಿತ್ತು ಬರೋ ಸುದ್ದಿ. ಗಂಟೆಗಳೊಳಗೆ ಮೊಬೈಲಿನಲ್ಲಿ ಹಬ್ಬಿದ್ದು: ಕೊಂದವನು ದೋಣಿಯಲ್ಲಿ ಬಂದ ಮುಸ್ಲಿಂ ನಿರಾಶ್ರಿತ. ಶುದ್ಧ ಸುಳ್ಳು. ಅವನು ಹುಟ್ಟಿದ್ದು ಬ್ರಿಟನ್ನಿನದೇ ಕಾರ್ಡಿಫ್‌ನಲ್ಲಿ. ಮರುದಿನವೇ ಗುಂಪು ಮಸೀದಿಗೆ ನುಗ್ಗಲು ಹೋಯಿತು. ಆಗಸ್ಟ್ 4ರಂದು ರಾದರಮ್ ಹತ್ತಿರ ನಿರಾಶ್ರಿತರು ಒಳಗಿದ್ದ ಹೋಟೆಲಿಗೇ ಬೆಂಕಿ ಹಚ್ಚಲು ನೋಡಿದರು. ನಮ್ಮ ಕೊಲ್ಹಾಪುರದಲ್ಲೂ 2023ರ ಜೂನ್‌ನಲ್ಲಿ ಯಾರೋ ಹಾಕಿದ ಮೊಬೈಲ್ ಸ್ಟೇಟಸ್ಸಿನ ಚಿತ್ರಕ್ಕೆ ಊರೇ ಬಂದ್ ಆಗಿ, ಸ್ಟೇಟಸ್ ಹಾಕದವರ ಅಂಗಡಿಗಳಿಗೂ ಕಲ್ಲು ಬಿದ್ದದ್ದು ನೆನಪಿದೆಯಲ್ಲ?

"ಅದೆಲ್ಲ ಮುಸಲ್ಮಾನರ ವಿರುದ್ಧ, ನಮಗೇನ್ರೀ?" ಅಂತ ಕೆಲವರು ಕೇಳ್ತಾರೆ. ಕೇಳಿಸಿಕೊಳ್ಳಿ. 2025ರ ಜುಲೈ 19ರಂದು ಡಬ್ಲಿನ್ನಿನ ಟ್ಯಾಲಾದಲ್ಲಿ ಒಬ್ಬ ಭಾರತೀಯನನ್ನು ಹೊಡೆದು, ಬಟ್ಟೆ ಬಿಚ್ಚಿ, ರಕ್ತ ಸುರಿಯುವಂತೆ ರಸ್ತೆಯಲ್ಲಿ ಬಿಟ್ಟರು. ಅವನ ಮೇಲೂ ಒಂದು ಸುಳ್ಳು ಆರೋಪ ಹಬ್ಬಿಸಿದ್ದರು. ಅದಾದ ಮೇಲೆ ಅಲ್ಲಿನ ನಮ್ಮ ರಾಯಭಾರ ಕಚೇರಿ ಭಾರತೀಯರಿಗೆ ಎಚ್ಚರಿಕೆ ಹೇಳಬೇಕಾಯಿತು. ಆಗಸ್ಟ್ 31ರಂದು ಆಸ್ಟ್ರೇಲಿಯಾದಲ್ಲಿ ನಡೆದ ಇಂಥದ್ದೇ ಮೆರವಣಿಗೆಯ ಕರಪತ್ರ ಭಾರತೀಯರ ಹೆಸರನ್ನೇ ಎತ್ತಿ ಹೇಳಿತ್ತು. ಗುಂಪು ಜಾತಿ ಕೇಳೋದಿಲ್ಲ, ಧರ್ಮ ಕೇಳೋದಿಲ್ಲ, ಮೈಬಣ್ಣ ನೋಡಿ ಹೊಡೀತದೆ. ನಮ್ಮ ಕಡೆಯಿಂದ ನರ್ಸ್ ಆಗಿ, ಇಂಜಿನಿಯರ್ ಆಗಿ ಹೋದ ಮಕ್ಕಳೂ ಆ ಬಣ್ಣದವರೇ.

ಇನ್ನೊಂದು ಮಾತು. ಜರ್ಮನಿಯಲ್ಲಿ ವಲಸೆ ವಿರೋಧಿ ಎಎಫ್‌ಡಿ ಪಕ್ಷ 2025ರ ಫೆಬ್ರವರಿ ಚುನಾವಣೆಯಲ್ಲಿ ಶೇ. 20.8 ಮತ ಪಡೆದು ಎರಡನೇ ಸ್ಥಾನಕ್ಕೆ ಬಂತು. ಅದಕ್ಕೆ ಅತಿ ಹೆಚ್ಚು ಮತ ಬಿದ್ದದ್ದು ಪೂರ್ವ ಭಾಗದಲ್ಲಿ. ಹೊರದೇಶದವರು ಕಡಿಮೆ ಇರೋದೂ ಅಲ್ಲೇ! ಅಲ್ಲಿ ಮುಚ್ಚಿದ್ದು ಕಾರ್ಖಾನೆ, ಊರು ಬಿಟ್ಟದ್ದು ಯುವಕರು. ಆ ಸಿಟ್ಟು ನಿಜ. ಆದರೆ ಕಾರ್ಖಾನೆ ಮುಚ್ಚಿದವರು ಕೈಗೆ ಸಿಗೋದಿಲ್ಲ, ಬೀದಿಯಲ್ಲಿ ಹೋಗೋ ಸಿರಿಯಾದವನು ಸಿಗ್ತಾನೆ.

ಇಚಲಕರಂಜಿಗೆ ಬಂದು ಇದೇ ಲೆಕ್ಕ ಹಾಕಿ. 1904ರಲ್ಲಿ ಮೊದಲ ಪವರ್‌ಲೂಮ್ ಕೂತ ಊರು. ಗಡಿ ಆಚೆಯಿಂದ ಬಂದ ಕನ್ನಡ ನೇಕಾರರೂ ಬೆವರು ಸುರಿಸಿ ಬೆಳೆಸಿದ ಊರು. ಇವತ್ತು ಅದೇ ಮಗ್ಗದ ಮುಂದೆ ಬಿಹಾರ, ಯುಪಿ ಹುಡುಗ ಹನ್ನೆರಡು ತಾಸಿನ ಪಾಳಿ ನಿಲ್ತಾನೆ. "ಇವರು ಬಂದು ನಮ್ಮ ಮಜೂರಿ ಇಳಿಸಿದ್ರು" ಅಂತ ನಮ್ಮವರೇ ಅಂತಾರೆ. ನೂಲಿನ ದರ ಏರಿಸಿದವನು ಆ ಹುಡುಗನಾ? ಕರೆಂಟ್ ಬಿಲ್ ಬರೆದವನು ಅವನಾ? ಪಿಕ್ ಲೆಕ್ಕದ ಮಜೂರಿ ನಿಗದಿ ಮಾಡೋನು ಅವನಾ? ನಮ್ಮ ಅಜ್ಜ ಬಂದಾಗ ಅವನಿಗೂ ಇದೇ ಮಾತು ಅಂದಿರಬೇಕು. ಮಜೂರಿ ಏರಬೇಕು ಅಂದರೆ ಆ ಹುಡುಗನನ್ನೂ ಜೊತೆಗೆ ಕೂರಿಸಿಕೊಂಡು ಕೇಳಬೇಕು, ಅವನನ್ನು ರೈಲು ಹತ್ತಿಸಿ ಅಲ್ಲ.

ಇನ್ನು ಹೇಳೋದು ನಮ್ಮವರಿಗೇ ಸ್ವಲ್ಪ ಕಹಿ. ನಾವು ಭಾಷಣ ಶುರು ಮಾಡೋದೇ ಶಾಸನದಿಂದ. ಕೊಲ್ಹಾಪುರದ ಶಿಲಾಹಾರರ ಕನ್ನಡ ಶಾಸನ, ಖಿದ್ರಾಪುರದ ಗುಡಿಯ ಕನ್ನಡ ಅಕ್ಷರ. ಅದು ನಮ್ಮ ಹೆಮ್ಮೆ, ಹೇಳಲೇಬೇಕು. ಆದರೆ 'ನಾವು ಮೊದಲು ಬಂದವರು, ಅದಕ್ಕೇ ನಮ್ಮದು' ಅನ್ನೋ ವಾದ ಇದೆಯಲ್ಲ, ಅದು ಲಂಡನ್ ಮೆರವಣಿಗೆಯ ವಾದವೇ. ಭೂಮಿಪುತ್ರರ ವಾದದಲ್ಲಿ ಗೆಲ್ಲೋದು ಶಾಸನ ಅಲ್ಲ, ತಲೆ ಎಣಿಕೆ. ತಲೆ ಎಣಿಕೆಯಲ್ಲಿ ಮಹಾರಾಷ್ಟ್ರದ ಕನ್ನಡಿಗ ಎಂದಿಗೂ ಗೆಲ್ಲೋದಿಲ್ಲ.

ನಮ್ಮ ಕೈಯೂ ಪೂರ್ತಿ ಶುದ್ಧ ಇಲ್ಲ. 1991ರ ಡಿಸೆಂಬರ್‌ನಲ್ಲಿ ಕಾವೇರಿ ಹೆಸರಿನಲ್ಲಿ ಬೆಂಗಳೂರಿನ ತಮಿಳರ ಮನೆಗಳಿಗೆ ಬೆಂಕಿ ಬಿತ್ತು. 2025ರ ಫೆಬ್ರವರಿಯಲ್ಲಿ ಬಾಳೇಕುಂದ್ರಿಯಲ್ಲಿ ಕನ್ನಡ ಕಂಡಕ್ಟರ್ ಏಟು ತಿಂದರು. ಅದಕ್ಕೆ ಉತ್ತರ ಅಂತ ಚಿತ್ರದುರ್ಗ ಕಡೆ ಮಹಾರಾಷ್ಟ್ರ ಬಸ್ಸಿನ ಚಾಲಕನ ಮುಖಕ್ಕೆ ಮಸಿ. ಕೊನೆಗೆ ಬಸ್ಸೇ ನಿಂತವು. ಬೆಂಗಳೂರಿಗಾಗಲಿ ಮುಂಬೈಗಾಗಲಿ ಏನೂ ಆಗಲಿಲ್ಲ. ತೊಂದರೆ ಆದದ್ದು ಗಡಹಿಂಗ್ಲಜ ಪೇಟೆಗೆ ಮೆಣಸಿನಕಾಯಿ ತರೋ ಹುಕ್ಕೇರಿ ಕಡೆಯ ರೈತನಿಗೆ, ಕೊಲ್ಹಾಪುರದ ದವಾಖಾನೆಗೆ ಬರೋ ನಿಪ್ಪಾಣಿಯ ರೋಗಿಗೆ. ಗಡಿಯಲ್ಲಿ ಬದುಕೋರಿಗೆ ಮಸಿಯ ಬೆಲೆ ಗೊತ್ತು.

ಹಾಗಾದರೆ ನಮ್ಮ ಆಸರೆ ಯಾವುದು? ಸಂವಿಧಾನ. 29 ಮತ್ತು 30ನೇ ವಿಧಿ ನಮ್ಮ ಭಾಷೆ, ನಮ್ಮ ಶಾಲೆ ಉಳಿಸಿಕೊಳ್ಳುವ ಹಕ್ಕು ಕೊಟ್ಟಿವೆ. 350ಎ ವಿಧಿ ಮಗುವಿಗೆ ಪ್ರಾಥಮಿಕ ಶಿಕ್ಷಣ ತಾಯ್ನುಡಿಯಲ್ಲಿ ಸಿಗುವಂತೆ ರಾಜ್ಯ ವ್ಯವಸ್ಥೆ ಮಾಡಬೇಕು ಅನ್ನುತ್ತದೆ. ಅದೇ ಸಂವಿಧಾನದ 19ನೇ ವಿಧಿ ಆ ಬಿಹಾರಿ ಹುಡುಗನಿಗೂ ಇಲ್ಲಿ ಬಂದು ದುಡಿದು ಬದುಕುವ ಹಕ್ಕು ಕೊಟ್ಟಿದೆ. ಅವನ ವಿಧಿ ಹರಿದು ಹಾಕಿ ನಮ್ಮ ವಿಧಿ ಮಾತ್ರ ಉಳಿಸಿ ಅಂದರೆ ಯಾರು ಕೇಳ್ತಾರೆ? ದೇಶದ ಗಡಿ ಯಾರು ದಾಟಬೇಕು ಅನ್ನೋದನ್ನ ಕಾನೂನು ನೋಡಲಿ, ಅದಕ್ಕೆ ನಮ್ಮ ತಕರಾರಿಲ್ಲ. ಬೀದಿಯಲ್ಲಿ ದೊಣ್ಣೆ ಹಿಡಿದವನು ಅದನ್ನು ತೀರ್ಮಾನ ಮಾಡಬಾರದು, ಅಷ್ಟೇ.

ಈ ನೆಲಕ್ಕೂ ಬೇರೆ ಪರಂಪರೆ ಇದೆ. ಶಾಹೂ ಮಹಾರಾಜರು 1902ರಲ್ಲಿ ಹಿಂದುಳಿದವರಿಗೆ ಶೇ. 50 ಮೀಸಲಾತಿ ಕೊಟ್ಟರು. ಇದೇ ಕೊಲ್ಹಾಪುರದಲ್ಲಿ ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ ವಸತಿಗೃಹ ಎದ್ದು ನಿಲ್ಲುವಂತೆ ನೋಡಿಕೊಂಡರು. ಹೊರಗಿನಿಂದ ಓದಲು ಬಂದ ಹುಡುಗನಿಗೆ ಅವರು ತೋರಿಸಿದ್ದು ಅನ್ನದ ತಟ್ಟೆ, ದೊಣ್ಣೆ ಅಲ್ಲ.

ಆದ್ದರಿಂದ ಕಳಕಳಿಯ ವಿನಂತಿ. ಮುಂದಿನ ಸಲ ಅಂಥ ವಿಡಿಯೊ ಬಂದರೆ ಫಾರ್ವರ್ಡ್ ಮಾಡಬೇಡಿ. "ಬಿಹಾರಿಗಳಿಗೆ ಖೋಲಿ ಬಾಡಿಗೆ ಕೊಡಬೇಡಿ" ಅಂತ ಗಲ್ಲಿಯಲ್ಲಿ ಮಾತು ಬಂದರೆ ಸುಮ್ಮನೆ ಕೂರಬೇಡಿ, "ನಮ್ಮ ಅಜ್ಜನೂ ಹಂಗೇ ಬಂದವ" ಅಂತ ಗಟ್ಟಿಯಾಗಿ ಹೇಳಿ. ಆ ಸಿಟ್ಟನ್ನು ಕನ್ನಡ ಶಾಲೆಗೆ ಮಾಸ್ತರು ಬೇಕು, ಪುಸ್ತಕ ಬೇಕು ಅನ್ನೋ ಅರ್ಜಿಗೆ ಹಾಕಿ, ಜಿಲ್ಲಾ ಪರಿಷತ್ತಿನ ಬಾಗಿಲಿಗೆ ಹೋಗಿ. ಮರಾಠಿ ಗೆಳೆಯರನ್ನೂ ಜೊತೆಗೆ ಕರಕೊಂಡು ಹೋಗಿ, ಬರ್ತಾರೆ.

ಹೊರಗಿನವರನ್ನು ಓಡಿಸಿ ಅನ್ನೋ ಕೂಗಿಗೆ ಇನ್ನೊಂದು ರಾಜ್ಯದಲ್ಲಿ ಬದುಕೋ ಕನ್ನಡಿಗ ದನಿಗೂಡಿಸಿದರೆ, ತನ್ನ ಹೆಸರಿನ ಪಟ್ಟಿಗೆ ತಾನೇ ಸಹಿ ಹಾಕಿದಂತೆ.

ಓದಿ, ನಿಮ್ಮ ಗ್ರೂಪಿನಲ್ಲಿ ಹಂಚಿಕೊಳ್ಳಿ. ಒಪ್ಪದಿದ್ದರೆ ಬನ್ನಿ, ವಾದ ಮಾಡೋಣ.

ಸಿರಿಗನ್ನಡಂ ಗೆಲ್ಗೆ.