ಕ್ರಿಮಿನಲ್ ಜಸ್ಟಿಸ್ ಪದವಿಗೆ ಸಂಬಳ ಕೊಡುವವರು ಯಾರು?

ಅಮೆರಿಕದ ಕಮ್ಯುನಿಟಿ ಕಾಲೇಜುಗಳೆಂದರೆ ಬಹುಮಟ್ಟಿಗೆ ಸರ್ಕಾರದ ದುಡ್ಡಿನಲ್ಲಿ ನಡೆಯುವ, ಮನೆಗೆ ಹತ್ತಿರದ, ಎರಡು ವರ್ಷದ ಓದಿನ ಕಾಲೇಜುಗಳು. ಹಗಲು ಅಂಗಡಿಯಲ್ಲೋ ಗೋದಾಮಿನಲ್ಲೋ ದುಡಿದು ಸಂಜೆ ಕ್ಲಾಸಿಗೆ ಬರುವವರು ಅಲ್ಲಿ ಬಹಳ. ಅಂಥವರನ್ನು ಸೆಳೆಯುವ ವಿಷಯಗಳಲ್ಲಿ ಕ್ರಿಮಿನಲ್ ಜಸ್ಟಿಸ್ ಒಂದು: ಪೊಲೀಸು, ಕೋರ್ಟು, ಜೈಲು ಹೇಗೆ ನಡೆಯುತ್ತವೆ ಎಂಬುದರ ಓದು. 60 ಕ್ರೆಡಿಟ್ ಮುಗಿಸಿದರೆ ಅಸೋಸಿಯೇಟ್ ಪದವಿ ಕೈಗೆ ಬರುತ್ತದೆ.

ಇದರಿಂದ ಏನು ಸಿಗುತ್ತದೆ ಎಂದು ಕೇಳಿದರೆ ಮೊದಲು ಎದುರಾಗುವುದು ಪೊಲೀಸರ ಸಂಬಳ. ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರಲ್ಲಿ ಗಸ್ತು ಪೊಲೀಸರ ಮಧ್ಯಮ ವಾರ್ಷಿಕ ಸಂಬಳ ಸುಮಾರು 76,000 ಡಾಲರ್. ಎಲ್ಲ ಉದ್ಯೋಗಗಳನ್ನೂ ಸೇರಿಸಿ ನೋಡಿದರೆ ಅದು 50,000ದ ಆಸುಪಾಸು. ಆದರೆ ಆ ಕೆಲಸಕ್ಕೆ ಸೇರಲು ಸಾಮಾನ್ಯವಾಗಿ ಬೇಕಾದ ಓದು ಹೈಸ್ಕೂಲ್ ಎಂದೂ ಅದೇ ಇಲಾಖೆ ಬರೆದಿದೆ. ಅಂದರೆ ಆ 76,000 ಕೆಲಸದ ಬೆಲೆಯೇ ಹೊರತು ಪದವಿಯ ಬೆಲೆಯಲ್ಲ. ಜೈಲು ಕಾವಲಿನ ಕೆಲಸಕ್ಕೂ ಬಹುತೇಕ ಕಡೆ ಹೈಸ್ಕೂಲ್ ಸಾಕು. ನಿಜಕ್ಕೂ ಓದು ಕೇಳುವ ಪ್ರೊಬೇಷನ್ ಅಧಿಕಾರಿ ಅಥವಾ ಎಫ್‌ಬಿಐ ಏಜೆಂಟ್ ಹುದ್ದೆಗೆ ನಾಲ್ಕು ವರ್ಷದ ಪದವಿ ಬೇಕು. ಎರಡು ವರ್ಷದ ಪದವಿ ಇವೆರಡರ ನಡುವೆ ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ನಿಲ್ಲುತ್ತದೆ.

ಹಾಗಾದರೆ ಈ ಪದವಿಗೆ ಬೆಲೆಯೇ ಇಲ್ಲವೇ? ಇದೆ. ಯಾರಾದರೂ ನಿಯಮ ಬರೆದು ದುಡ್ಡು ಕೊಡುವ ಕಡೆ ಇದೆ. ಮ್ಯಾಸಚೂಸೆಟ್ಸ್ ರಾಜ್ಯದ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಕ್ವಿನ್ ಬಿಲ್ ಎಂದು ಹೆಸರಾದ 1970ರ ಅಲ್ಲಿನ ಕಾಯಿದೆಯಡಿ, ಯೋಜನೆ ಒಪ್ಪಿಕೊಂಡ ಊರುಗಳಲ್ಲಿ ಈ ವಿಷಯದ ಅಸೋಸಿಯೇಟ್ ಪದವಿ ಇದ್ದ ಪೊಲೀಸರಿಗೆ ಮೂಲ ಸಂಬಳದ ಮೇಲೆ 10 ಶೇಕಡಾ, ಬ್ಯಾಚುಲರ್ ಪದವಿಗೆ 20, ಮಾಸ್ಟರ್ಸ್‌ಗೆ 25 ಶೇಕಡಾ ಹೆಚ್ಚು ಸಿಗುವಂತಾಯಿತು. ಮೂಲ ಸಂಬಳ 60,000 ಡಾಲರ್ ಎಂದಿಟ್ಟುಕೊಂಡರೆ ವರ್ಷಕ್ಕೆ 6,000, ಅದೂ ಕೆಲಸದಲ್ಲಿರುವಷ್ಟು ಕಾಲ. ಇದಕ್ಕಿಂತ ಲಾಭದ ಪದವಿ ಸಿಗುವುದು ಕಷ್ಟ. ಜನ ಮುಗಿಬಿದ್ದರು, ಪೊಲೀಸರಿಗೆಂದೇ ಸಡಿಲವಾದ ಕೋರ್ಸುಗಳೂ ಹುಟ್ಟಿಕೊಂಡವು, ಮುಂದೆ ಗುಣಮಟ್ಟ ಬಿಗಿ ಮಾಡಬೇಕಾಯಿತು.

ಈ ಖರ್ಚಿನಲ್ಲಿ ಅರ್ಧ ರಾಜ್ಯದ್ದು, ಅರ್ಧ ಊರಿನದ್ದು. 2009ರ ಆರ್ಥಿಕ ಮುಗ್ಗಟ್ಟಿನಲ್ಲಿ ರಾಜ್ಯ ಕೈ ಹಿಂದೆಗೆಯಿತು. ಆ ವರ್ಷದ ಜುಲೈ 1ರ ನಂತರ ಸೇರಿದವರಿಗೆ ಈ ಯೋಜನೆಯ ಬಾಗಿಲೇ ಮುಚ್ಚಿತು. ರಾಜ್ಯ ಕೊಡದ ಪಾಲನ್ನು ಬಾಸ್ಟನ್ ನಗರ ತುಂಬಿಕೊಡಬೇಕಿಲ್ಲ ಎಂದು 2012ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ತೀರ್ಪಿತ್ತಿತು. ಕೆಲವು ಊರುಗಳು ಯೂನಿಯನ್ ಜೊತೆ ಬೇರೆ ಒಪ್ಪಂದ ಮಾಡಿಕೊಂಡವು ನಿಜ. ಆದರೂ ಗೋಡೆಗೆ ನೇತುಹಾಕಿದ ಪದವಿ ಪತ್ರ ಅದೇ, ಓದಿದ ಪುಸ್ತಕ ಅವೇ, ಬೆಲೆ ಮಾತ್ರ ಬೇರೆ.

ನ್ಯೂಯಾರ್ಕ್ ನಗರದ ಪೊಲೀಸ್ ಇಲಾಖೆ ಬಹುಕಾಲ 60 ಕಾಲೇಜು ಕ್ರೆಡಿಟ್ ಕೇಳುತ್ತಿತ್ತು. ಅರ್ಜಿ ಹಾಕುವವರೇ ಕಡಿಮೆಯಾದಾಗ 2025ರ ಫೆಬ್ರವರಿಯಲ್ಲಿ ಅದನ್ನು 24ಕ್ಕೆ ಇಳಿಸಿತು. ಬರೀ ಆ ಗೆರೆ ದಾಟಲೆಂದು 60 ಮುಗಿಸಿದವರಿಗೆ ಏನನ್ನಿಸಿರಬೇಡ! ಮಿನೆಸೋಟ ರಾಜ್ಯದಲ್ಲಿ ಮಾತ್ರ ಪೊಲೀಸ್ ಪರವಾನಗಿಗೆ ಕನಿಷ್ಠ ಎರಡು ವರ್ಷದ ಪದವಿ ಬೇಕೆಂಬ ಪದ್ಧತಿ ದಶಕಗಳಿಂದ ಇದೆ. ಅಲ್ಲಿ ಓದುವವರ ಲೆಕ್ಕವೇ ಬೇರೆ.

ಇನ್ನು ಖರ್ಚಿನ ಕಡೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್. 60 ಯೂನಿಟ್‌ಗೆ 2,760. ಇಷ್ಟಕ್ಕೆ ಯಾರೂ ಮುಳುಗುವುದಿಲ್ಲ. ಮುಳುಗಿದವರು ಬೇರೆಡೆ ಹೋದವರು. ಲಾಭಕ್ಕಾಗಿ ನಡೆಯುತ್ತಿದ್ದ ವೆಸ್ಟ್‌ವುಡ್ ಕಾಲೇಜಿನ ಮೇಲೆ ಇಲಿನಾಯ್ ರಾಜ್ಯದ ಅಟಾರ್ನಿ ಜನರಲ್ 2012ರಲ್ಲಿ ಹೂಡಿದ ಮೊಕದ್ದಮೆಯ ಕೇಂದ್ರದಲ್ಲಿದ್ದದ್ದು ಇದೇ ಕ್ರಿಮಿನಲ್ ಜಸ್ಟಿಸ್ ಕೋರ್ಸು. ಸುಮಾರು 70,000 ಡಾಲರ್ ಖರ್ಚಿನ ಪದವಿಯನ್ನು ಪೊಲೀಸ್ ಕೆಲಸದ ಆಸೆ ತೋರಿಸಿ ಮಾರಿದರು, ಷಿಕಾಗೊ ಪೊಲೀಸ್ ಆಗಲಿ ರಾಜ್ಯ ಪೊಲೀಸ್ ಆಗಲಿ ಅದನ್ನು ಒಪ್ಪುತ್ತಿರಲಿಲ್ಲ ಎಂಬುದು ದೂರಿನ ತಿರುಳು. ಕಾಲೇಜು 2016ರಲ್ಲಿ ಮುಚ್ಚಿತು. 2022ರಲ್ಲಿ ಅಲ್ಲಿ ಓದಿದ 79,000 ಜನರ 150 ಕೋಟಿ ಡಾಲರ್ ಸಾಲವನ್ನು ಕೇಂದ್ರ ಸರ್ಕಾರ ಮನ್ನಾ ಮಾಡಿತು.

ಓದಿದ ಪೊಲೀಸರು ಸಮಾಜಕ್ಕೆ ಒಳ್ಳೆಯದು ಎಂಬ ವಾದವಿದೆ. 1967ರಲ್ಲೇ ಅಧ್ಯಕ್ಷರ ಆಯೋಗವೊಂದು ಮುಂದೊಂದು ದಿನ ಎಲ್ಲ ಪೊಲೀಸರಿಗೂ ನಾಲ್ಕು ವರ್ಷದ ಪದವಿ ಇರಬೇಕೆಂದು ಹೇಳಿತ್ತು. ಇರಲಿ. ಆದರೆ ಸಮಾಜಕ್ಕಾಗುವ ಲಾಭಕ್ಕೆ ಇಪ್ಪತ್ತರ ಹುಡುಗಿಯೊಬ್ಬಳು ತನ್ನ ಎರಡು ವರ್ಷದ ಸಂಜೆಗಳನ್ನು ಯಾಕೆ ತೆರಬೇಕು? ಅವಳ ಊರಿನ ಪೊಲೀಸ್ ಇಲಾಖೆ ಪದವಿ ಕೇಳದಿದ್ದರೆ, ಭತ್ಯೆಯನ್ನೂ ಕೊಡದಿದ್ದರೆ, ಅದೇ ಕಾಲೇಜಿನಲ್ಲಿ ಅಷ್ಟೇ ಸಮಯಕ್ಕೆ ನರ್ಸಿಂಗ್ ಓದುವುದು ದುಡ್ಡಿನ ದೃಷ್ಟಿಯಿಂದ ಹೆಚ್ಚು ಜಾಣತನ. ನಾಳೆ ಮೊಣಕಾಲು ಕೆಟ್ಟು ಗಸ್ತು ಬಿಡಬೇಕಾದರೆ ಕ್ರಿಮಿನಲ್ ಜಸ್ಟಿಸ್ ಪತ್ರ ಹಿಡಿದು ಬೇರೆಡೆ ಕೆಲಸ ಕೇಳುವುದು ಕಷ್ಟ. ಮುಂದೆ ನಾಲ್ಕು ವರ್ಷದ ಪದವಿಗೆ ಹೋಗುವ ಮನಸ್ಸಿದ್ದರೆ ಮಾತು ಬೇರೆ. ಆಗಲೂ ಯಾವ ವಿಶ್ವವಿದ್ಯಾಲಯ ಎಷ್ಟು ಕ್ರೆಡಿಟ್ ಒಪ್ಪುತ್ತದೆಂದು ಬರಹದಲ್ಲಿ ತೆಗೆದುಕೊಳ್ಳಬೇಕು. ಕಾಲೇಜು ಬದಲಿಸಿದವರು ಸರಾಸರಿ 43 ಶೇಕಡಾ ಕ್ರೆಡಿಟ್ ಕಳೆದುಕೊಂಡರೆಂದು ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತ್ತು.

ಇತ್ತ ಪುಣೆ, ಹೈದರಾಬಾದ್, ಬೆಂಗಳೂರಿನ ಮನೆಗಳಲ್ಲೂ ಫೊರೆನ್ಸಿಕ್ ಸೈನ್ಸ್ ಬಿಎಸ್ಸಿಗೆ ಲಕ್ಷಗಟ್ಟಲೆ ಕಟ್ಟುವ ಚರ್ಚೆ ನಡೆಯುತ್ತಿದೆ. ಕರ್ನಾಟಕದಲ್ಲಿ ಪಿಎಸ್ಐ ಆಗಲು ಯಾವ ವಿಷಯದ ಪದವಿಯಾದರೂ ಆದೀತು. ಬಿಕಾಂ ಮಾಡಿದವರಿಗೂ ಅದೇ ಸಂಬಳ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಸೆಕ್ಷನ್ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬರಬೇಕೆನ್ನುತ್ತದೆ. ಕಾಲೇಜುಗಳ ಪಾಲಿಗೆ ಇದು ಒಳ್ಳೆಯ ಜಾಹೀರಾತು. ಆದರೆ ಜಾರಿಗೆ ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ, ಹುದ್ದೆ ಮಂಜೂರು ಮಾಡಬೇಕಾದದ್ದೂ ರಾಜ್ಯಗಳೇ. ಕೊನೆಯ ಬಾರಿ ಹೊರಟ ನೇಮಕಾತಿ ಅಧಿಸೂಚನೆಯಲ್ಲಿ ರಸಾಯನಶಾಸ್ತ್ರದ ಎಂಎಸ್ಸಿ ಮಾಡಿದವರಿಗೂ ಅರ್ಜಿ ಹಾಕಲು ಅವಕಾಶವಿತ್ತೇ ಎಂದು ಶುಲ್ಕ ಕಟ್ಟುವ ಮೊದಲು ನೋಡಿಕೊಂಡರೆ ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ.