ಕಲೆ ಚಳವಳಿಯ ಡಂಗುರವಲ್ಲ

ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಬಂದಂದಿನಿಂದ ನಮ್ಮ ಸಭೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ: ಸಿಂಗಳೀಕದ ಕಾಡಿಗೆ ಕೊಡಲಿ ಬೀಳುವ ಹೊತ್ತಿನಲ್ಲಿ ಕಲಾವಿದರು ಎಲ್ಲಿದ್ದಾರೆ? ಪ್ರಶ್ನೆ ನ್ಯಾಯವಾದುದೇ. ಆದರೆ ಇದುವರೆಗೆ ಕಲಾವಿದರನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ ಎಂಬುದನ್ನೂ ಕೇಳಿಕೊಳ್ಳಬೇಕು.

ಜನ ಸೇರುವವರೆಗೆ ಹಾಡು. ಮುಖ್ಯ ಅತಿಥಿಗಳು ಬಂದೊಡನೆ ಹಾಡು ನಿಲ್ಲಬೇಕು. ಇದು ನಮ್ಮ ಪದ್ಧತಿ. ತಾಳಮದ್ದಲೆಯ ಅರ್ಥಧಾರಿಯ ಕೈಗೆ ಚೀಟಿ ಕೊಟ್ಟು ಶ್ರೀಕೃಷ್ಣನ ಬಾಯಿಂದ ಮೆಗಾವ್ಯಾಟಿನ ಲೆಕ್ಕ ಹೇಳಿಸುತ್ತೇವೆ. ಚಪ್ಪಾಳೆ ಬೀಳುತ್ತದೆ, ನಿಜ. ತಟ್ಟುವವರು ಮೊದಲೇ ನಮ್ಮವರು. ಯೋಜನೆ ಬಂದರೆ ಮಗನಿಗೊಂದು ಕೆಲಸ ಸಿಕ್ಕೀತೆಂದು ನಂಬಿದವನು ಅಷ್ಟರಲ್ಲಿ ಎದ್ದು ಹೋಗಿರುತ್ತಾನೆ. ನಾವು ತಲುಪಬೇಕಾಗಿದ್ದದ್ದು ಅವನನ್ನೇ.

ಹಾಗೆಂದು, ‘ಕಲೆಗೆ ರಾಜಕೀಯದ ಸೋಂಕು ಬೇಡ’ ಎನ್ನುವವರ ಪಕ್ಷವನ್ನು ನಾನು ವಹಿಸುತ್ತಿಲ್ಲ. ವೀಣೆಯ ಕೊಡ ಹಲಸಿನ ಮರದ್ದು. ಮರ ಕೊಟ್ಟ ನೆಲದ ಅಳಿವು ಉಳಿವು ನಾದಕ್ಕೆ ಸಂಬಂಧಿಸಿದ್ದಲ್ಲವೆಂದರೆ ಹೇಗೆ? ಉದ್ಯಮಗಳ ಪ್ರಾಯೋಜಕತ್ವದ ಫಲಕದ ಕೆಳಗೆ ಕುಳಿತು ಹಾಡಿದರೆ ಅದು ಶುದ್ಧ ಸಂಗೀತ, ನಿರ್ವಸಿತರ ನಡುವೆ ಕುಳಿತು ಹಾಡಿದರೆ ಮಾತ್ರ ರಾಜಕೀಯ ಎಂಬ ತರ್ಕ ಯಾರಿಗೆ ಅನುಕೂಲ ಎಂಬುದು ಓದುಗರಿಗೆ ತಿಳಿಯದ್ದೇನಲ್ಲ.

ಹಾಗಾದರೆ ದಾರಿ ಯಾವುದು? ನಮ್ಮದೇ ನೆಲದ ಉದಾಹರಣೆಯಿದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಅನೇಕ ಊರುಗಳನ್ನು ನುಂಗಿತು. ಶರಾವತಿ ಯೋಜನೆಯಲ್ಲೇ ಸರ್ಕಾರಿ ನೌಕರರಾಗಿದ್ದ ನಾ. ಡಿಸೋಜ ಅವರು ಆ ಮುಳುಗಡೆಯನ್ನು ಹತ್ತಿರದಿಂದ ಕಂಡು ‘ದ್ವೀಪ’ ಬರೆದರು. ಗಿರೀಶ ಕಾಸರವಳ್ಳಿಯವರು ಅದನ್ನು ಚಲನಚಿತ್ರವಾಗಿಸಿದರು. ಅಲ್ಲಿ ಭಾಷಣವಿಲ್ಲ. ಸುತ್ತ ನೀರು ಏರುತ್ತಿದ್ದಂತೆ ಒಂದು ಮನೆಯೊಳಗೆ ಗಂಡ ಹೆಂಡಿರ ನಡುವೆ ಸಂಶಯವೂ ಏರುತ್ತದೆ. ಪುನರ್ವಸತಿಯ ಕಡತದಲ್ಲಿ ಆ ಸಂಶಯಕ್ಕೆ ಅಂಕಣವಿಲ್ಲ, ಪರಿಹಾರದ ಮೊತ್ತವೂ ಇಲ್ಲ. ನಮ್ಮ ಕರಪತ್ರಗಳೂ ಅದನ್ನು ಹೇಳಲಿಲ್ಲ. ಯಾರೂ ಬರೆಸದೆ ಬರೆದುದರಿಂದಲೇ ಆ ಕೃತಿ ಅದನ್ನು ಹೇಳಬಲ್ಲದಾಯಿತು.

ಶಿವರಾಮ ಕಾರಂತರನ್ನೂ ನೆನೆಯಬೇಕು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಅವರು ಲೋಕಸಭಾ ಚುನಾವಣೆಗೆ ನಿಂತರು. ಗೆಲ್ಲಲಿಲ್ಲ. ಆದರೆ ಹೋರಾಟಕ್ಕೆ ತಮ್ಮ ಕಾದಂಬರಿಯನ್ನು ಬದಲಿಯಾಗಿ ಕಳುಹಿಸದೆ, ಇಳಿವಯಸ್ಸಿನಲ್ಲಿ ತಾವೇ ಕಣಕ್ಕಿಳಿದರು. ಕಲಾವಿದನೂ ಪೌರನೇ. ಪೌರನಾಗಿ ಅವನು ಧರಣಿಗೆ ಬರಲಿ, ಅಹವಾಲಿಗೆ ಸಹಿ ಹಾಕಲಿ. ಇದನ್ನು ಕೇಳುವ ಹಕ್ಕು ನಮಗಿದೆ. ಅವನ ರಾಗವೂ ಪದ್ಯವೂ ನಮ್ಮ ಆಜ್ಞೆಯಂತೆ ನಡೆಯಲಿ ಎನ್ನುವ ಹಕ್ಕು ನಮಗಿಲ್ಲ.

‘ಅಪ್ಪಿಕೋ ಚಳವಳಿಯಲ್ಲಿ ಬೀದಿ ನಾಟಕ, ಜಾನಪದ ಕುಣಿತಗಳಿರಲಿಲ್ಲವೇ?’ ಎಂದು ಹಿರಿಯರು ಕೇಳಬಹುದು. ಇದ್ದವು. ಆದರೆ 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ತಾವೇ ಅಪ್ಪಿಕೊಂಡರು. ಅಪ್ಪುವ ಕೆಲಸವನ್ನು ನಾಟಕಕ್ಕೆ ಒಪ್ಪಿಸಲಿಲ್ಲ. ಬೀದಿ ನಾಟಕವೂ ಒಂದು ಕಲೆ, ಅದಕ್ಕೂ ತಾಲೀಮು ಬೇಕು. ಹಿಂದಿನ ರಾತ್ರಿ ಘೋಷಣೆಗಳನ್ನು ಹಂಚಿಕೊಂಡು ಮರುದಿನ ಬಸ್ ನಿಲ್ದಾಣದಲ್ಲಿ ಕೂಗುವುದನ್ನು ನಾಟಕವೆಂದು ಕರೆಯುವುದು ನಾಟಕಕ್ಕೂ ಅವಮಾನ, ಕಾಡಿಗೂ ಅವಮಾನ.

ಆದ್ದರಿಂದ ಬಳಗದ ಮುಂದೆ ನನ್ನ ಸಲಹೆಗಳು ಇಷ್ಟೇ. ಭಾಗವತರನ್ನೂ ಚಿತ್ರಕಾರರನ್ನೂ ಕವಿಗಳನ್ನೂ ವೇದಿಕೆಗೆ ಕರೆಯುವ ಮೊದಲು ಕಣಿವೆಗೆ ಕರೆದೊಯ್ಯೋಣ. ಅಲ್ಲಿನ ಮನೆಗಳಲ್ಲಿ ನಾಲ್ಕು ದಿನ ಉಳಿಯಲಿ. ಕೈಗೆ ಚೀಟಿ ಕೊಡುವುದು ಬೇಡ. ಶಾಲು ಹೊದಿಸಿ ಕಳುಹಿಸುವ ಬದಲು ನ್ಯಾಯವಾದ ಸಂಭಾವನೆ ಕೊಡೋಣ. ಅವರು ಏನನ್ನೂ ರಚಿಸದಿದ್ದರೆ ಬೇಸರಿಸದಿರೋಣ. ರಚಿಸಿದ್ದರಲ್ಲಿ ನಮ್ಮ ತೋಟಕ್ಕಾಗಿ ಬೋಳಾದ ಸೊಪ್ಪಿನ ಬೆಟ್ಟದ ಮಾತೂ ಬಂದರೆ ತಲೆತಗ್ಗಿಸಿ ಕೇಳೋಣ.

ಯೋಜನೆಯನ್ನು ತಡೆಯಬೇಕಾದವರು ನಾವು. ಆ ಹೊಣೆಯನ್ನು ಹಾಡಿನ ಮೇಲೆ ಹೊರಿಸಿ ಮನೆಗೆ ಹೋಗುವುದು ಬೇಡ.