ಬಂದ ಬೀಗರನ್ನು ಬೆಂಗೇರಿಗೂ ಕರೆದೊಯ್ಯಿರಿ

ಹುಬ್ಬಳ್ಳಿ-ಧಾರವಾಡದ ಬಂಧುಗಳೇ,

ಪರ ಊರಿನವರು ಯಾರಾದರೂ ನಿಮ್ಮೂರಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರೆ ನಮ್ಮ ಬಾಯಿಂದ ಬರುವ ಮಾತು ಸಾಮಾನ್ಯವಾಗಿ ಒಂದೇ: "ಹುಬ್ಬಳ್ಳ್ಯಾಗ ನೋಡೂದೇನೈತ್ರೀ, ಹಂಪಿಗೆ ಹೋಗ್ರಿ, ದಾಂಡೇಲಿಗೆ ಹೋಗ್ರಿ." ಪ್ರೀತಿಯಿಂದಲೇ ಹೇಳುತ್ತೇವೆ, ಸುಳ್ಳೇನೂ ಅಲ್ಲ. ಆದರೆ ಆ ಒಂದು ಮಾತಿಗೆ ನಮ್ಮ ಅವಳಿ ನಗರ ತೆರುತ್ತಿರುವ ಬೆಲೆ ದೊಡ್ಡದು. ಆ ಬೆಲೆ ಯಾರ ಕೈಯಿಂದ ಹೋಗುತ್ತಿದೆ ಎಂಬುದನ್ನು ನಿಮ್ಮ ಮುಂದೆ ಇಡಲು ಈ ಮನವಿ.

ನಮ್ಮದು ನಾಲ್ಕು ದಿಕ್ಕಿನ ದಾರಿ ಕೂಡುವ ಊರು. ಪೂರ್ವಕ್ಕೆ ಹಂಪಿ, ಈಶಾನ್ಯಕ್ಕೆ ಬಾದಾಮಿ-ಪಟ್ಟದಕಲ್ಲು, ಪಶ್ಚಿಮಕ್ಕೆ ದಾಂಡೇಲಿ, ಗೋವಾ. ರೈಲಿನಲ್ಲಿ ಬಂದವರು 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಮೇಲೆ ನಿಂತು ಒಂದು ಸೆಲ್ಫಿ ತೆಗೆದುಕೊಂಡು ಹೊರಗೆ ಬಂದು ಟ್ಯಾಕ್ಸಿ ಹತ್ತುತ್ತಾರೆ. ವಿಮಾನದಲ್ಲಿ ಇಳಿದವರದೂ ಅದೇ ಕಥೆ. ರಾತ್ರಿಯ ವಾಸ್ತವ್ಯ ಬೇರೆ ಊರಿಗೆ, ಊಟ ಬೇರೆ ಊರಿಗೆ, ಮನೆಗೆ ಒಯ್ಯುವ ಉಡುಗೊರೆ ಬೇರೆ ಊರಿಗೆ. ನಮಗೆ ಉಳಿಯುವುದು ಒಂದು ಕಪ್ ಚಹಾದ ದುಡ್ಡು, ಬಹಳವಾದರೆ ಒಂದು ಡಬ್ಬಿ ಪೇಡೆಯದು. ಅದೇ ಪ್ರವಾಸಿ ಒಂದು ರಾತ್ರಿ ಇಲ್ಲಿ ಉಳಿದರೆ ಲೆಕ್ಕವೇ ಬದಲಾಗುತ್ತದೆ. ಲಾಡ್ಜಿನ ರೂಮ್ ಬಾಯ್‌ನಿಂದ ಹಿಡಿದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಅಕ್ಕನವರೆಗೆ, ಆಟೋದವರಿಂದ ಗಿರ್ಮಿಟ್ ಗಾಡಿಯವರವರೆಗೆ ಆ ದುಡ್ಡು ಕೈ ಬದಲಿಸುತ್ತಾ ಊರೊಳಗೇ ಓಡಾಡುತ್ತದೆ. ಪ್ರವಾಸೋದ್ಯಮದ ಲಾಭ ಎಂದರೆ ಎಷ್ಟು ಜನ ಬಂದರು ಎಂಬುದಲ್ಲ, ಎಷ್ಟು ಹೊತ್ತು ಉಳಿದರು, ಯಾರ ಕೈಗೆ ದುಡ್ಡು ಕೊಟ್ಟರು ಎಂಬುದು.

ಹಾಗಾದರೆ ಬಂದವರನ್ನು ಒಂದು ದಿನ ನಿಲ್ಲಿಸುವಂಥದ್ದು ನಮ್ಮಲ್ಲಿ ಏನಿದೆ? ನನ್ನ ಉತ್ತರ ಬೆಂಗೇರಿ.

ಬೆಂಗೇರಿ ಎಂದರೆ ನಮಗೆ ಸಂತೆ ನೆನಪಾಗುತ್ತದೆ. ಅದೇ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. 1957ರ ನವೆಂಬರ್ 1ರಂದು, ರಾಜ್ಯ ಏಕೀಕರಣಕ್ಕೆ ಒಂದು ವರ್ಷ ತುಂಬಿದ ದಿನ, ಗಾಂಧಿವಾದಿಗಳು ಕಟ್ಟಿದ ಸಂಸ್ಥೆ ಅದು. ವೆಂಕಟೇಶ ಮಾಗಡಿ ಅದರ ಮೊದಲ ಅಧ್ಯಕ್ಷರು. 2004ರಲ್ಲಿ ಅಲ್ಲಿ ರಾಷ್ಟ್ರಧ್ವಜ ತಯಾರಿಕೆ ಶುರುವಾಯಿತು. ಭಾರತೀಯ ಮಾನಕ ಬ್ಯೂರೋದ ಪರವಾನಗಿ ಪಡೆದು ಖಾದಿಯ ರಾಷ್ಟ್ರಧ್ವಜ ಮಾಡುವ ದೇಶದ ಏಕೈಕ ಘಟಕ ಎಂದು ಬಹುಕಾಲ ಹೆಸರಾಗಿದ್ದ ಜಾಗ ಅದು. ದೇಶದ ಎಷ್ಟೋ ಸರ್ಕಾರಿ ಕಟ್ಟಡಗಳ ಮೇಲೆ, ಹೊರದೇಶದ ನಮ್ಮ ರಾಯಭಾರ ಕಚೇರಿಗಳ ಮೇಲೆ ಹಾರುವ ಬಾವುಟ ನಮ್ಮೂರ ಹೆಣ್ಣುಮಕ್ಕಳ ಕೈಯಲ್ಲಿ ಹೊಲಿದದ್ದು. ಇಂಥದ್ದೊಂದು ಜಾಗ ಬೇರೆ ಯಾವ ಊರಲ್ಲಿದ್ದರೂ ಆ ಊರಿನ ಪ್ರತಿ ಬಸ್ ನಿಲ್ದಾಣದಲ್ಲಿ ಅದರ ಚಿತ್ರ ಇರುತ್ತಿತ್ತು.

ಒಳಗೆ ಹೋಗಿ ನೋಡಿದವರಿಗೆ ಗೊತ್ತು, ಅದು ಬರೀ ಹೊಲಿಗೆ ಯಂತ್ರಗಳ ಸಾಲಲ್ಲ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಅಚ್ಚು ಹಾಕುವುದು, ಹೊಲಿಯುವುದು, ಕೊನೆಗೆ ಹಗ್ಗ ಕಟ್ಟುವುದು ಎಂದು ಆರು ಹಂತ. ಬಿಳಿ ಪಟ್ಟಿಯ ಒಂದು ಬದಿಗೆ ನೀಲಿ ಚಕ್ರ ಅಚ್ಚಾದ ಮೇಲೆ ಬಟ್ಟೆಯನ್ನು ತಿರುಗಿಸಿ ಇನ್ನೊಂದು ಬದಿಗೂ ಅಚ್ಚು ಹಾಕಬೇಕು. 24 ಗೆರೆಗಳಲ್ಲಿ ಒಂದಾದರೂ ಕೂದಲೆಳೆಯಷ್ಟು ಸರಿದು ಕೂತರೆ ಬೆಳಕಿಗೆ ಹಿಡಿದಾಗ ಜೋಡಿ ಗೆರೆ ಕಾಣುತ್ತದೆ. ಆ ಬಟ್ಟೆ ಧ್ವಜವಾಗುವುದಿಲ್ಲ. ಅಲ್ಲಿಯ ಅಕ್ಕಂದಿರು ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ, ಮಾತಿಲ್ಲದೆ ನೋಡುವ ಆ ಒಂದು ಗಳಿಗೆಯನ್ನು ಮಕ್ಕಳು ನೋಡಬೇಕು. ಧ್ವಜ ಒಂಬತ್ತು ಅಳತೆಗಳಲ್ಲಿ ಆಗುತ್ತದೆ. ಮೇಜಿನ ಮೇಲೆ ಇಡುವ, ಅಂಗೈಯಲ್ಲಿ ಹಿಡಿಸುವ 150 ಮಿ.ಮೀ. ಉದ್ದದ್ದರಿಂದ ಶುರುವಾಗಿ 21 ಅಡಿ ಉದ್ದ, 14 ಅಡಿ ಅಗಲದ್ದರವರೆಗೆ. ಯಾವ ಅಳತೆಯಾದರೂ ಮೂರಕ್ಕೆ ಎರಡರ ಪ್ರಮಾಣ ತಪ್ಪುವಂತಿಲ್ಲ.

ಈ ಬಟ್ಟೆಯ ಬೇರು ಇನ್ನೂ ದೂರ ಹೋಗುತ್ತದೆ. ಆ ಆರು ಹಂತಗಳಲ್ಲಿ ಮೊದಲ ಎರಡು ನಡೆಯುವುದು ಬೆಂಗೇರಿಯ ಹೊರಗೆ: ಧ್ವಜದ ಖಾದಿ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೂತು ನೇಯ್ದದ್ದು. ಧಾರವಾಡದ ಪಕ್ಕದ ಗರಗದಲ್ಲಂತೂ 1950ರ ದಶಕದಿಂದಲೇ ಧ್ವಜದ ಬಟ್ಟೆ ನೇಯ್ದವರಿದ್ದಾರೆ. ನೂಲುವವರಿಗೆ ಲಡಿ ಲೆಕ್ಕದಲ್ಲಿ, ನೇಯುವವರಿಗೆ ಮೀಟರ್ ಲೆಕ್ಕದಲ್ಲಿ ಕೂಲಿ. ಬೆಂಗೇರಿಯಲ್ಲಿ ಒಂದು ಧ್ವಜ ಮಾರಾಟವಾದರೆ ತುಳಸಿಗೇರಿಯಲ್ಲಿ ಒಬ್ಬ ತಾಯಿಗೆ ಮತ್ತಷ್ಟು ಹಂಜಿ ಸಿಗುತ್ತದೆ. ಮಾರಾಟ ನಿಂತರೆ ಚರಕ ನಿಲ್ಲುತ್ತದೆ.

ಮಾರಾಟಕ್ಕೆ ಪೆಟ್ಟು ಬಿದ್ದದ್ದು ಹೇಗೆಂದು ನಿಮಗೆ ನೆನಪಿರಬಹುದು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಅನುಮತಿ ಸಿಕ್ಕಿತು. ಮರು ವರ್ಷ ಸ್ವಾತಂತ್ರ್ಯದ ಅಮೃತ ಮಹೋತ್ಸವಕ್ಕೆ ಮನೆಮನೆಯಲ್ಲೂ ತ್ರಿವರ್ಣ ಹಾರಿತು. ಬೆಂಗೇರಿಯ ಪಾಲಿಗೆ ಸುಗ್ಗಿಯಾಗಬೇಕಿದ್ದ ವರ್ಷ ಅದು. ಆದರೆ ಅಗ್ಗದ ಪಾಲಿಯೆಸ್ಟರ್ ಮುಂದೆ ಖಾದಿಯ ಬೇಡಿಕೆ ಕುಸಿಯಿತು, ಸಂಘದವರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು. ಆ ತಿದ್ದುಪಡಿ ಹಿಂದಕ್ಕೆ ಹೋಗಬೇಕೆಂದು ಕೇಳುವವರಲ್ಲಿ ನಾನೂ ಒಬ್ಬ. ಆದರೆ ದಿಲ್ಲಿಯ ತೀರ್ಮಾನಕ್ಕೆ ಕಾಯುತ್ತಾ ಕೂತರೆ ಮಗ್ಗದ ಮುಂದಿನವರ ಹೊಟ್ಟೆ ಕಾಯುವುದಿಲ್ಲ. ನಾವೇ ಮಾಡಬಹುದಾದದ್ದು ಬೇರೆ ಇದೆ.

ಒಂದು ವಿಷಯವನ್ನು ಗಮನವಿಟ್ಟು ನೋಡಿ. ಧ್ವಜದ ವ್ಯಾಪಾರ ಆಗಸ್ಟ್ 15ರ ಮುಂಚೆ ಭರ್ತಿಯಾಗಿ, ಆಮೇಲೆ ಇಳಿದುಬಿಡುತ್ತದೆ. ಜನವರಿ 26ಕ್ಕೆ ಮತ್ತೊಮ್ಮೆ ತಲೆ ಎತ್ತುತ್ತದೆ. ನಡುವಿನ ತಿಂಗಳುಗಳೇ ಕಷ್ಟದವು. ಹಂಪಿ, ಬಾದಾಮಿ, ಗೋವಾಗಳಿಗೆ ಪ್ರವಾಸಿಗರು ತುಂಬಿ ಬರುವುದು ಯಾವಾಗ? ಮಳೆ ಮುಗಿದ ಮೇಲೆ, ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ. ಬೆಂಗೇರಿಗೆ ಗಿರಾಕಿ ಇಲ್ಲದ ತಿಂಗಳುಗಳಲ್ಲೇ ಗಿರಾಕಿಗಳು ನಮ್ಮ ಊರಿನ ಮೇಲೆ ಹಾದು ಹೋಗುತ್ತಿದ್ದಾರೆ! ಅವರಲ್ಲಿ ಒಂದು ಪಾಲು ಜನ ಅರ್ಧ ದಿನ ನಿಂತು ಮೇಜಿನ ಧ್ವಜವೊಂದನ್ನೋ, ಒಂದು ಜುಬ್ಬಾದ ಬಟ್ಟೆಯನ್ನೋ, ಒಂದು ಖಾದಿ ಟವೆಲ್ಲನ್ನೋ ಕೊಂಡರೂ ಆ ನಡುವಿನ ತಿಂಗಳುಗಳು ತುಂಬುತ್ತವೆ. ಮೈಸೂರಿಗೆ ಹೋದವರು ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆ ನೋಡಿ, ಸೀರೆ ಕೊಂಡು ಬರುತ್ತಾರಲ್ಲ, ಹಾಗೆ. ತಯಾರಾಗುವುದನ್ನು ಕಣ್ಣಾರೆ ಕಂಡವರು ಬೆಲೆಯ ಬಗ್ಗೆ ಚೌಕಾಸಿ ಮಾಡುವುದು ಕಡಿಮೆ. ಯಾಕೆ ಅಷ್ಟು ಬೆಲೆ ಎಂಬುದು ಅವರಿಗೆ ತಿಳಿದಿರುತ್ತದೆ.

ಹಾಗಾಗಿ ನನ್ನ ಬೇಡಿಕೆಗಳು ಇವು. ಮನೆಗೆ ಬೀಗರು ಬಂದರೆ, ಬೆಂಗಳೂರಿನಿಂದ ಮಕ್ಕಳು ಗೆಳೆಯರೊಡನೆ ಬಂದರೆ, ಸಿದ್ಧಾರೂಢ ಮಠದ ದರ್ಶನ ಮಾಡಿಸಿ, ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ತೋರಿಸಿ, ಹಾಗೆಯೇ ಬೆಂಗೇರಿಗೂ ಕರೆದೊಯ್ಯಿರಿ. ಲಾಡ್ಜು, ಹೋಟೆಲ್ಲು ನಡೆಸುವ ಯಜಮಾನರೇ, ನಿಮ್ಮ ಕೌಂಟರ್ ಮೇಲೆ ಬೆಂಗೇರಿಯ ವಿವರ ಇರುವ ಒಂದು ಚೀಟಿ ಇಡಿ. ಗಿರಾಕಿ ಇನ್ನೊಂದು ರಾತ್ರಿ ಉಳಿದರೆ ಲಾಭ ನಿಮ್ಮದೇ. ಆಟೋ, ಟ್ಯಾಕ್ಸಿಯ ಅಣ್ಣಂದಿರೇ, ಹಂಪಿಯ ಬಾಡಿಗೆ ಒಪ್ಪುವ ಮುಂಚೆ "ಸಾಹೇಬ್ರ, ನಮ್ಮೂರಾಗ ಝಂಡಾ ಮಾಡ್ತಾರ, ನೋಡ್ಕೊಂಡು ಹೋಗೂಣೇನ್ರಿ?" ಎಂದು ಒಂದು ಮಾತು ಕೇಳಿ. ರೈಲ್ವೆಯವರ "ಒಂದು ನಿಲ್ದಾಣ, ಒಂದು ಉತ್ಪನ್ನ" ಮಳಿಗೆಯಲ್ಲಿ ಬೆಂಗೇರಿಯ ಖಾದಿಗೆ ಕಾಯಂ ಜಾಗ ಇರಲಿ. ಮಹಾನಗರ ಪಾಲಿಕೆ ಮತ್ತು ಪ್ರವಾಸೋದ್ಯಮ ಇಲಾಖೆ ಸೇರಿ ನಿಲ್ದಾಣದಿಂದ ಬೆಂಗೇರಿಯವರೆಗೆ ಕಣ್ಣಿಗೆ ಬೀಳುವ ದಾರಿಫಲಕ ಹಾಕಿಸಲಿ. ಶಾಲೆಯ ಗುರುಗಳೇ, ಪ್ರವಾಸವೆಂದರೆ ದೂರದ ಊರೇ ಆಗಬೇಕಿಲ್ಲ. ಗರಗದಿಂದ ಹೊರಟು ಬೆಂಗೇರಿಯಲ್ಲಿ ಮುಗಿಯುವ ಒಂದು ದಿನದ ಪ್ರವಾಸದಲ್ಲಿ ಮಕ್ಕಳು ಮಗ್ಗದಿಂದ ಬಾವುಟದವರೆಗಿನ ದಾರಿಯನ್ನು ನೋಡಬಹುದು.

ಸಂಘದ ಹಿರಿಯರಲ್ಲಿಯೂ ಒಂದು ಕೋರಿಕೆ. ನೋಡಲು ಬರುವವರಿಗೆಂದು ವಾರದಲ್ಲಿ ನಿಗದಿತ ದಿನ, ನಿಗದಿತ ವೇಳೆ ಪ್ರಕಟಿಸಿ. ಕನ್ನಡ, ಹಿಂದಿ, ಇಂಗ್ಲಿಷ್ ಬಲ್ಲ ನಮ್ಮ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ತೋರಿಸುವ ಕೆಲಸ ವಹಿಸಿ. ಪ್ರವೇಶಕ್ಕೆ ಸಣ್ಣ ಶುಲ್ಕ ಇಟ್ಟು, ಅದು ನೇರವಾಗಿ ನೂಲುವವರ, ನೇಯುವವರ, ಹೊಲಿಯುವವರ ಕಲ್ಯಾಣ ನಿಧಿಗೆ ಹೋಗುತ್ತದೆಂದು ಬಾಗಿಲಲ್ಲೇ ಬರೆದು ಹಾಕಿ. ಅಂಥ ಶುಲ್ಕ ಕೊಡಲು ಯಾರೂ ಬೇಸರಪಡುವುದಿಲ್ಲ.

ಇದರೊಡನೆ ಒಂದು ಎಚ್ಚರವೂ ಬೇಕು. ಅದು ದುಡಿಯುವ ಜಾಗ. ಲಡಿ ಲೆಕ್ಕ, ಮೀಟರ್ ಲೆಕ್ಕ, ತುಂಡು ಲೆಕ್ಕದಲ್ಲಿ ಗಳಿಸುವವರಿಗೆ ನಮ್ಮ ಹರಟೆಯಿಂದ ಹಾಳಾದ ಅರ್ಧ ಗಂಟೆ ಕೂಲಿಯ ನಷ್ಟ. ಕೇಳದೆ ಅವರ ಫೋಟೋ ತೆಗೆಯುವುದು, ಮಕ್ಕಳನ್ನು ಯಂತ್ರಗಳ ನಡುವೆ ಬಿಡುವುದು, ಬಣ್ಣ ಆರದ ಬಟ್ಟೆ ಮುಟ್ಟುವುದು ಸಲ್ಲದು. ಪ್ರವಾಸಿಗರಿಂದ ಊರಿಗೆ ದುಡ್ಡು ಬರಬೇಕು ನಿಜ, ಆದರೆ ದುಡಿಯುವವರನ್ನು ಪ್ರದರ್ಶನದ ವಸ್ತು ಮಾಡಿ ಗಳಿಸುವ ದುಡ್ಡು ನಮಗೆ ಬೇಡ. ದೊಡ್ಡ ಗುಂಪು ಬೇಡ, ಚಿಕ್ಕ ಚಿಕ್ಕ ತಂಡಗಳಲ್ಲಿ ವರ್ಷವಿಡೀ ಬರುವವರು ಬೇಕು.

ಈ ಸಲ ದೀಪಾವಳಿಗೆ ಬರುವ ನೆಂಟರಿಗೆ ಈಗಲೇ ಹೇಳಿಡಿ, ಬಂದ ಮರುದಿನದ ಮುಂಜಾನೆ ಬೆಂಗೇರಿಗೆ ಎಂದು. ಹೊರಡುವ ಮುನ್ನ ಸಂಘದ ಕಚೇರಿಗೆ ಫೋನ್ ಮಾಡಿ, ಎಷ್ಟು ಜನ ಬರುತ್ತೀರಿ, ಯಾವ ಹೊತ್ತು ಅವರಿಗೆ ಅನುಕೂಲ ಎಂದು ಕೇಳಿಕೊಳ್ಳಿ. ನೋಡಿದ ಮೇಲೆ ಮಳಿಗೆಗೆ ಹೋಗಿ ಏನಾದರೂ ಕೊಂಡೇ ಬನ್ನಿ. ಪಾಲಿಯೆಸ್ಟರ್ ಬಾವುಟವೊಂದು ನಿಮ್ಮ ಮನೆಯ ಕಪಾಟಿನಲ್ಲಿ ಇದ್ದರೂ ಸರಿ, ಬರುವ ಜನವರಿ 26ಕ್ಕೆ ಏರಿಸಲು ಒಂದು ಖಾದಿಯದನ್ನು ಅಲ್ಲಿಂದಲೇ ತನ್ನಿ.